ಡ್ರ್ಯಾಗನ್ ಸಾರಿಗೆ ಉಪ್ಪು ಎಲ್ಲಿಂದ ಬಂತು?

ನಮ್ಮ ಕಾಕಾ ಒಬ್ಬ ರಾಜನನ್ನು ಸಿಂಹಾಸನದಿಂದ ಇಳಿಸಿದ್ದಾರೆ. ಕತ್ತಿ ಹಿಡಿಯಲಿಲ್ಲ, ಸೈನ್ಯ ಕಟ್ಟಲಿಲ್ಲ. ಶಹಾಪುರದ ತಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು, ಒಂದೇ ಒಂದು ಆಲೂಗಡ್ಡೆಯಿಂದ ಆ ಕೆಲಸ ಮುಗಿಸಿದರು! ನಂಬಿಕೆ ಬರದಿದ್ದರೆ ನನ್ನ ಮಗಳು ಪಲ್ಲವಿಯನ್ನು ಕೇಳಿ. ಪಾಪ, ಆ ರಾಜ ಅವಳಿಗೆ ಬಹಳ ಬೇಕಾದವನು.

ಪಲ್ಲವಿ ಒಂಬತ್ತನೇ ಕ್ಲಾಸು. ಅವಳಿಗೆ ಮಾಂಗಾ ಹುಚ್ಚು. ಮಾಂಗಾ ಅಂದರೆ ಜಪಾನಿನ ಚಿತ್ರಕಥೆ. ಮಾಟಗಾರರು, ರಾಕ್ಷಸರು, ಇಲ್ಲದ ರಾಜ್ಯಗಳು, ಎಲ್ಲ ಅದರಲ್ಲಿವೆ. ಪುಸ್ತಕವನ್ನು ಬಲದಿಂದ ಎಡಕ್ಕೆ ಓದಬೇಕು. ನಾನು ಮೊದಲ ಸಲ ತೆರೆದಾಗ ಕಥೆಯ ನಾಯಕ ಸತ್ತು, ಆಮೇಲೆ ಗಾಯಗೊಂಡು, ಕೊನೆಗೆ ಮನೆಯಿಂದ ಹೊರಟ! ಕಾಕಾರಿಗೆ ಆ ತಾಪತ್ರಯವೇ ಆಗಲಿಲ್ಲ. ಚಿಕ್ಕಂದಿನಲ್ಲಿ ಅವರಪ್ಪ ಅವರಿಗೆ ಉರ್ದು ಕಲಿಸಿದ್ದರು. "ಇದ ಬರೊಬ್ಬರಿ ಅದ. ನೀವs ಉಲ್ಟಾ ಓದತೀರಿ" ಎಂದು ನನ್ನನ್ನೇ ಬೈದರು. ಅಂದಿನಿಂದ ಮೊಮ್ಮಗಳು ಮಾತನ್ನು ಕನ್ನಡ ಮಾಡಿ ಹೇಳುತ್ತಾಳೆ, ಮುತ್ಯಾ ಚಿತ್ರ ನೋಡುತ್ತಾರೆ. ಚಿತ್ರ ಅಂದರೇನು, ಚಿತ್ರದೊಳಗಿನ ಊಟ!

ಕಾಕಾ ಕಾಲುವೆಯ ಗೇಟು ಏರಿಸಿ ಇಳಿಸಿಯೇ ನಿವೃತ್ತರಾದವರು. ಕಾಲುವೆ ಬರುವ ಮುಂಚೆ ನಮ್ಮ ಕಡೆ ಜೋಳ, ತೊಗರಿ, ಸಜ್ಜೆ ಅಷ್ಟೆ. ಅನ್ನ ಮಾಡಿದರೆ ಅಂದು ಹಬ್ಬ. ನೀರು ಬಂದ ಮೇಲೆ ಎಲ್ಲಿ ನೋಡಿದರೂ ಭತ್ತ. ಹಾಗಾಗಿ ಯಾವ ತಟ್ಟೆ ಕಂಡರೂ ಅವರ ಮೊದಲ ಪ್ರಶ್ನೆ, "ಇದಕ್ಕ ನೀರ ಎಲ್ಲಿಂದ ಬಂತು?"

ಪಲ್ಲವಿಯ ರಾಜ ಮರಳುಗಾಡಿನವನು. ಔತಣದಲ್ಲಿ ಅನ್ನದ ರಾಶಿ, ಪಕ್ಕದಲ್ಲಿ ಹುರಿದ ಆಲೂಗಡ್ಡೆ.

"ಕಾಲುವಿ ಎಲ್ಲದ?" ಎಂದರು ಕಾಕಾ.

"ಇಲ್ಲ ಮುತ್ಯಾ. ಮಾಟದ ರಾಜ್ಯ ಅದು."

"ಇರಲಿ. ಆಲೂಗಡ್ಡಿ? ಅದು ನಮ್ಮ ದೇಶಕ್ಕs ಹಡಗದಾಗ ಬಂದದ್ದು. ಇವನ ಹಂತ್ಯಾಕ ಒಂಟಿ ಬಿಟ್ರ ಏನೂ ಇಲ್ಲ. ಇಂವ ರಾಜ ಅಲ್ಲ, ಕಳ್ಳ! ಮುಂದ ತಿರುವು."

ರಾಜನ ಕಥೆ ಅಲ್ಲಿಗೇ ಮುಗಿಯಿತು. ಮುಂದಿನ ಪುಸ್ತಕದಲ್ಲಿ ನಾಲ್ವರು ವೀರರು ಗುಹೆಯೊಳಗೆ ಡ್ರ್ಯಾಗನ್ ಕೊಂದು ಸಾರು ಮಾಡಿದ್ದರು. ಬೆಂಕಿ ಉಗುಳುವ ರೆಕ್ಕೆಯ ಹಾವು! ಅದರ ಬಗ್ಗೆ ಕಾಕಾರದು ಒಂದು ತಕರಾರೂ ಇಲ್ಲ. "ಇರತಾವ, ನಾವು ನೋಡಿಲ್ಲಷ್ಟ" ಎಂದರು. ಆದರೆ ಸಾರಿನ ಗಡಿಗೆ ನೋಡಿದ್ದೇ ತಡ, ಎದ್ದು ಕುಳಿತರು. "ಉಪ್ಪ ಎಲ್ಲಿಂದ ಬಂತು? ಗುಹಾದಾಗ ಕಿರಾಣಿ ಅಂಗಡಿ ಇಟ್ಟಾರೇನು?"

ಒಳಗಿನಿಂದ ಕಾಕಿ ಕೂಗಿದರು. "ನಾ ಮಾಡಿದ ಸಾರಿಗಿ ಎರಡ ಸಲ ಉಪ್ಪ ಬಿದ್ರೂ ಇವರಿಗಿ ತಿಳಿಯೂದಿಲ್ಲ. ಹಾವಿನ ಸಾರಿನ ಚಿಂತಿ ಹತ್ಯಾದ!"

ಇಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಒಬ್ಬ ವೀರ ಬ್ರೆಡ್ಡು ಕಟ್ಟಿಕೊಂಡು ಹನ್ನೆರಡು ದಿನ ಕಾಡು ಸುತ್ತಿದ. ಕಾಕಾ ಬಸ್ಸು ಹತ್ತಿ ರಂಗಂಪೇಟೆಯ ಬೇಕರಿಗೆ ಹೋಗಿ ಬ್ರೆಡ್ಡು ತಂದು, ಬಟ್ಟೆಯಲ್ಲಿ ಕಟ್ಟಿ ಜಂತಿಗೆ ತೂಗುಹಾಕಿದರು. ಪಕ್ಕದ ಗಂಟಿನಲ್ಲಿ ಜೋಳದ ಕಡಕ್ ರೊಟ್ಟಿ. ವಾರ ತುಂಬುವುದರೊಳಗೆ ಬ್ರೆಡ್ಡಿಗೆ ಹಸಿರು ಗಡ್ಡ ಬಂತು! ಮನೆಗೆ ಬಂದವರಿಗೆಲ್ಲ ಅದರ ದರ್ಶನ ಮಾಡಿಸಿದರು. ಹನ್ನೆರಡನೇ ದಿನ ರೊಟ್ಟಿಯನ್ನು ಪಟಪಟ ಮುರಿದು ತಿನ್ನುತ್ತ ಪಲ್ಲವಿಗೆ ಹೇಳಿದರು, "ನಿಮ್ಮಂವ ಈ ಬ್ರೆಡ್ ತಿಂದು ರಾಕ್ಷಸನ ಬೆನ್ನ ಹತ್ಯಾನೇನು? ತಂಬಿಗಿ ತಗೊಂಡು ಬಯಲಕಡಿ ಓಡ್ಯಾನ!"

ಯಾವ ಹುಡುಗಿಗೆ ಸಿಟ್ಟು ಬರುವುದಿಲ್ಲ ಹೇಳಿ? ಪಲ್ಲವಿ ಪುಸ್ತಕ ಮುಚ್ಚಿ, "ನಾನs ಒಂದ ಮಾಂಗಾ ಬರೀತೀನಿ. ನೀ ಒಂದ ತಪ್ಪ ತಗೀಲಾರದಂಗ. ಸಾಲಿ ಪ್ರದರ್ಶನಕ್ಕ ಇಡಾಕಿ. ನೀ ಪಾಸ್ ಅಂದ್ರ ಇಡ್ತೀನಿ, ಇಲ್ಲಂದ್ರ ಹರದ ಒಲಿಗಿ ಹಾಕ್ತೀನಿ" ಎಂದಳು. ಹಾಕುವವಳೇ. ಹಟದಲ್ಲಿ ಅವಳೂ ಅದೇ ಮನೆತನದವಳಲ್ಲವೇ?

ಒಂದು ತಿಂಗಳು ನಮ್ಮ ಮನೆಯಲ್ಲಿ ರಬ್ಬರಿನ ಪುಡಿಯೇ ಪುಡಿ. ಅವಳು ರಾಜ್ಯಕ್ಕಿಂತ ಮೊದಲು ಕಾಲುವೆ ಬರೆದಳು. ಉಪ್ಪಿನ ವ್ಯಾಪಾರಿಯನ್ನು ಕತ್ತೆಯ ಸಮೇತ ತಂದಳು. ಆದರೂ ಮೊದಲ ಸಲ ಫೇಲ್. "ಕಾಲುವಿ ತುದಿ ಹೊಲಕ್ಕ ನೀರ ಮುಟ್ಟತದೇನು? ಅಲ್ಲಿ ಭತ್ತ ಯಾಕ ಹಚ್ಚೀದಿ? ತೊಗರಿ ಹಾಕು!" ಮಾಟದ ರಾಜ್ಯದಲ್ಲೂ ತುದಿಯ ರೈತನಿಗೆ ನೀರಿಲ್ಲ, ನೋಡಿ! ಅಳುತ್ತಲೇ ತಿದ್ದಿದಳು.

ಪ್ರದರ್ಶನದ ಹಿಂದಿನ ದಿನ ಸಂಜೆ ಕೊನೆಯ ಪರೀಕ್ಷೆ. ಕಾಕಾ ಕನ್ನಡಕ ಒರೆಸಿಕೊಂಡು ಪುಟ ತಿರುವಿದರು. ಕಾಲುವೆ ಸರಿ. ತೊಗರಿ ಸರಿ. ಉಪ್ಪು ಸರಿ. ಪಲ್ಲವಿ ಉಗುರು ಕಚ್ಚುತ್ತಿದ್ದಳು, ನಾನೂ. ಕೊನೆಯ ಪುಟದಲ್ಲಿ ದಣಿದ ಮೂವರು ವೀರರು ಒಂದು ಗುಡಿಸಲಿಗೆ ಬರುತ್ತಾರೆ. ಒಬ್ಬ ಮುದುಕಿ ಅವರ ಮುಂದೆ ರೊಟ್ಟಿ ಇಡುತ್ತಾಳೆ.

ಕಾಕಾ ಅಲ್ಲೇ ನಿಂತರು. ಬೆರಳಿಟ್ಟು ಎಣಿಸಿದರು.

"ರೊಟ್ಟಿ ಮೂರ ಅದಾವ. ಮಂದಿ ಮೂರ. ಮುದುಕಿ ಏನ ಉಂಡ್ಳು?"

"ಅಯ್ಯ ಮುತ್ಯಾ, ಇಲ್ಲಿ ಬರದೀನಲ್ಲ! 'ನಂದು ಆಗಳೆ ಊಟ ಆಗ್ಯಾದ, ನೀವು ಉಣ್ರಿ' ಅಂತಾಳ."

"ಸುಳ್ಳ ಹೇಳಾಕತ್ತಾಳ."

ನಾನು ನಕ್ಕೆ. ಕಾಕಾ ನಗಲಿಲ್ಲ.

"ನಮ್ಮವ್ವನೂ ದಿನಾ ಹಿಂಗs ಅಂತಿದ್ಳು. ನಾವು ಮೂರ ಮಂದಿ ಹುಡುಗರು. ಕಾಲುವಿ ಇನ್ನೂ ಬಂದಿದ್ದಿಲ್ಲ. 'ನಂದು ಆಗ್ಯಾದ, ಉಣ್ರಿ' ಅನ್ನಾಕಿ. ನಾ ನಂಬಿ ಉಣತಿದ್ದೆ. ಒಂದಿನ ಸುಮ್ಮ ರೊಟ್ಟಿ ಬುಟ್ಟಿ ಮುಚ್ಚಳ ತಗದು ನೋಡೀನಿ. ಹಿಟ್ಟಿನ ಧೂಳ ಬಿಟ್ರ ಏನೂ ಇದ್ದಿದ್ದಿಲ್ಲ. ಅವತ್ತಿನಿಂದ ಯಾರ ಉಂಡೀನಿ ಅಂದ್ರೂ ನಾ ತಾಟ ನೋಡ್ತೀನಿ, ಯವ್ವಾ. ಕಾಲುವಿಗಿ ನೀರ ಬರೂದ್ರಾಗ ಆಕಿ ಹೋಗಿಬಿಟ್ಟಿದ್ಳು."

ಇಷ್ಟು ದಿನ ಇವರನ್ನು ತಲೆಹರಟೆ ಎಂದು ನಗುತ್ತಿದ್ದೆನಲ್ಲ! ನನಗೆ ನನ್ನ ಮೇಲೆಯೇ ನಾಚಿಕೆಯಾಯಿತು.

ಪಲ್ಲವಿ ರಬ್ಬರು ತೆಗೆದುಕೊಂಡು ಮುದುಕಿಯ ಮಾತನ್ನು ಪೂರ್ತಿ ಅಳಿಸಿದಳು. ನಿಂತಿದ್ದವಳನ್ನು ವೀರರ ನಡುವೆ ಕೂರಿಸಿದಳು. ನಾಲ್ಕನೇ ರೊಟ್ಟಿ ಬರೆದು ಅವಳ ಕೈಗೆ ಕೊಟ್ಟಳು.

"ಬರೇ ರೊಟ್ಟಿ ಹ್ಯಾಂಗ ತಿಂತಾಳ? ಪುಂಡಿಪಲ್ಯ ಹಾಕು" ಎಂದರು ಕಾಕಾ.

ಹಾಕಿದಳು.

"ಈಗರೆ ಪಾಸ್ ಏನು ಮುತ್ಯಾ?"

ಕಾಕಾ ಪುಸ್ತಕವನ್ನು ಎರಡೂ ಕೈಯಲ್ಲಿ ಹಿಡಿದು ಆ ಚಿತ್ರವನ್ನೇ ನೋಡುತ್ತಿದ್ದರು.

"ತಡಿ," ಎಂದರು. "ಆಕಿ ಉಣ್ಲಿ."