ಬಿಚ್ಚದ ಪೆಟ್ಟಿಗೆ

"ನೋಡಿ, ಆ ಪೆಟ್ಟಿಗೆ ಮಾತ್ರ ಮುಟ್ಟಬೇಡಿ. ಸಂಜೆ ಭಾವನವರು ಬಂದು ಬಿಚ್ಚಿ ಜೋಡಿಸಿ ಕೊಡ್ತಾರೆ. ಅದೆಲ್ಲ ನಿಮ್ಮ ಕೈಲಾಗೋ ಕೆಲಸ ಅಲ್ಲ."

ಇಷ್ಟು ಹೇಳಿ ಹೆಂಡತಿ ಚಪ್ಪಲಿ ಮೆಟ್ಟಿಕೊಂಡು ಅಕ್ಕನ ಮನೆಗೆ ಹೊರಟುಹೋದಳು. ಪಾರ್ಸೆಲಪ್ಪ ಬಾಗಿಲಲ್ಲೇ ನಿಂತ. ಮುಟ್ಟಬೇಡಿ ಎಂದದ್ದು ಅವನಿಗೆ ನೋವಾಗಲಿಲ್ಲ. ಕೈಲಾಗೋ ಕೆಲಸ ಅಲ್ಲ ಎಂಬುದನ್ನಂತೂ ಮದುವೆಯಾದಾಗಿನಿಂದ ಕೇಳಿ ಕೇಳಿ ಕಿವಿ ಜಡ್ಡುಗಟ್ಟಿತ್ತು. ನಡುವೆ ಆ ಭಾವನವರು ನುಸುಳಿದರಲ್ಲ, ಅದು ಮಾತ್ರ ಹೊಟ್ಟೆಗೆ ಕೊಳ್ಳಿ ಇಟ್ಟಿತು. ಭಾವನವರೆಂದರೆ ಹೆಂಡತಿಯ ಅಕ್ಕನ ಗಂಡ, ಇವನ ಷಡ್ಡಕ. ಷಡ್ಡಕ ತನ್ನ ಮನೆಗೆ ಬಂದು, ತನ್ನ ಕುರ್ಚಿಯಲ್ಲಿ ಕೂತು, ತನ್ನ ಹೆಂಡತಿಯ ಯಂತ್ರ ಜೋಡಿಸಿ ಹೋಗುವುದನ್ನು ಯಾವ ಗಂಡಸು ತಾನೇ ಸಹಿಸಿಯಾನು?

ಪಾರ್ಸೆಲಪ್ಪ ಎಂಬುದು ಬೀದಿಯವರು ಇಟ್ಟ ಹೆಸರು. ಪಾರ್ಸೆಲ್ ಆಫೀಸಿನಲ್ಲಿ ಸಾಮಾನು ಕಟ್ಟುವುದು ಅವನ ಕೆಲಸ. ಅವನು ಕಟ್ಟಿದ ಗಾಜಿನ ಸಾಮಾನು ಒಡೆದದ್ದಿಲ್ಲ, ಅವನು ಅಂಟಿಸಿದ ಪೆಟ್ಟಿಗೆಗೆ ಇರುವೆ ಹೊಕ್ಕಿದ್ದಿಲ್ಲ. ಆದರೆ ಆಫೀಸಿನ ಚಾಳಿ ಮನೆಗೂ ಬಂದಿತ್ತು. ಮನೆಗೆ ಬಂದ ವಸ್ತುವೆಲ್ಲ ಪೆಟ್ಟಿಗೆಯಲ್ಲೇ ಭದ್ರ. ಮದುವೆಗೆ ಬಂದ ಟೇಬಲ್ ಫ್ಯಾನು ಹಾಳಾದೀತೆಂದು ಅಟ್ಟದ ಮೇಲೆ ತಣ್ಣಗೆ ಕೂತಿತ್ತು, ಗಂಡಹೆಂಡಿರು ಕೆಳಗೆ ಸೆಕೆಯಲ್ಲಿ ಬೇಯುತ್ತಿದ್ದರು.

ಈಗ ಬಂದಿರುವುದು ಹೊಲಿಯುವ, ಕಸೂತಿಯನ್ನೂ ತಾನೇ ಹಾಕುವ ಯಂತ್ರ. ಬೀದಿಯ ಕೊನೆಯ ಶಿಶುವಿಹಾರದವರು ಮಕ್ಕಳ ಏಪ್ರನ್‌ಗಳಿಗೆ ಒಂದೊಂದು ಹೂ ಹಾಕಿಕೊಡಲು ಹೆಂಡತಿಗೆ ಹೇಳಿದ್ದರು. ನಾಳೆ ಬೆಳಿಗ್ಗೆಗೆ ಕೊಡಬೇಕು. ಅದು ಅವಳ ಮೊದಲ ಆರ್ಡರು. ಇದು ಕೆಟ್ಟರೆ ಇನ್ನೊಬ್ಬರು ಅವಳ ಬಾಗಿಲಿಗೆ ಬರುವುದಿಲ್ಲ. ಅದಕ್ಕೇ ಅವಳು ಒಂದು ವಾರದಿಂದ ನಿದ್ದೆಯಲ್ಲೂ ದಾರದ ಬಣ್ಣ ಹೇಳುತ್ತಿದ್ದಳು.

ಪಾರ್ಸೆಲಪ್ಪ ಮನಸ್ಸಿನಲ್ಲೇ ವಾದ ಹೂಡಿದ. ಮುಟ್ಟಬೇಡಿ ಅಂದಳು, ಸರಿ. ಆಣೆ ಹಾಕಿದಳೇ? ಹಾಕಲಿಲ್ಲ. ಸಂಜೆ ಬರುವಷ್ಟರಲ್ಲಿ ಯಂತ್ರ ಮೇಜಿನ ಮೇಲೆ ಕೂತು ಹೂ ಹಾಕುತ್ತಿದ್ದರೆ ಷಡ್ಡಕನ ಮುಖ ಹೇಗಾಗಬೇಡ? ಆ ಮುಖ ಕಣ್ಣಿಗೆ ಕಟ್ಟಿದ್ದೇ ತಡ, ಅವನಿಗೆ ಒಂದು ಕಡೆ ಕೂರಲಾಗಲಿಲ್ಲ. ಅಡುಗೆಮನೆಗೆ ಹೋದ, ನೀರು ಕುಡಿಯದೆ ವಾಪಸು ಬಂದ. ಪೇಪರ್ ಬಿಡಿಸಿದ, ಓದದೆ ಮಡಿಸಿದ. ಅಂಡು ಸುಟ್ಟ ಬೆಕ್ಕಿನ ಹಾಗೆ ಪೆಟ್ಟಿಗೆಯ ಸುತ್ತ ಸುತ್ತಿ, ಕಡೆಗೆ ಕುಕ್ಕರಗಾಲಲ್ಲಿ ಕೂತು ಟೇಪಿನ ತುದಿಗೆ ಉಗುರು ಹಾಕಿದ. ಟೇಪು ಕಾಗದದ ಒಂದೆಳೆಯನ್ನೂ ಕೀಳದೆ ಎದ್ದು ಬಂತು.

ಆದರೆ ಥರ್ಮಕೋಲು ಸುಮ್ಮನಿರಬೇಕಲ್ಲ. ಅದು ಕಿರ್ರೆಂದ ಸದ್ದಿಗೆ ಎದುರುಮನೆಯ ಕಿಟಕಿ ತೆರೆಯಿತು. ಮರುಗಳಿಗೆ ಡಂಗುರದಕ್ಕ ನಡುಮನೆಯಲ್ಲಿ ನಿಂತಿದ್ದಳು. ಅವಳ ಕಿವಿಗೆ ಬಿದ್ದ ಸುದ್ದಿ ಕುಕ್ಕರ್ ಕೂಗುವುದರೊಳಗೆ ಬೀದಿಯ ಕೊನೆ ಮುಟ್ಟುತ್ತಿತ್ತು, ಆ ಹೆಸರು ಸುಮ್ಮನೆ ಬಂದದ್ದಲ್ಲ.

"ಇಲಿ ಬಂತೇನೋ ಅನ್ಕೊಂಡೆ. ಹೊಸ ಮಿಷನ್ನಾ? ಅವಳಿಲ್ದೆ ಬಿಚ್ತಿದ್ದೀರಾ?"

"ಅಕ್ಕ, ದಮ್ಮಯ್ಯ, ಯಾರಿಗೂ ಹೇಳ್ಬೇಡಿ."

"ನಾನ್ಯಾಕಪ್ಪ ಹೇಳಲಿ," ಎಂದ ಡಂಗುರದಕ್ಕ ಅಲ್ಲಿಂದಲೇ ಮಹಡಿಯತ್ತ ಮುಖ ಮಾಡಿ ಕೂಗಿದಳು, "ಮಾವಾ, ಇಳಿದು ಬನ್ನಿ, ಇಲ್ಲಿ ಕರೆಂಟಿನ ಕೆಲಸ ಇದೆ."

ಮಹಡಿಯ ಫ್ಯೂಸ್ ಮಾವ ವಿದ್ಯುತ್ ಕಚೇರಿಯಿಂದ ನಿವೃತ್ತರಾದವರು. ಇಡೀ ಬೀದಿಗೆ ಕರೆಂಟು ಹೋದಾಗ ಮೊದಲು ಬೈಸಿಕೊಳ್ಳುತ್ತಿದ್ದವರು ಅವರೇ. ಟೆಸ್ಟರನ್ನು ಜೇಬಿಗೆ ಸಿಕ್ಕಿಸಿಕೊಂಡು ಇಳಿದು ಬಂದರು. ಯಂತ್ರವನ್ನು ಮೂವರೂ ಎತ್ತಿ ಮೇಜಿನ ಮೇಲಿಟ್ಟರು. ಜೊತೆಗೆ ಬಂದ ಪುಸ್ತಕವನ್ನು ಡಂಗುರದಕ್ಕ ಕೈಗೆತ್ತಿಕೊಂಡಳು.

"ಮೊದಲ ಹಾಳೆಗಳಲ್ಲಿ ಬರೀ ಎಚ್ಚರಿಕೆ, ಎಚ್ಚರಿಕೆ ಅಂತಾನೇ ಬರ್ಕೊಂಡಿದ್ದಾರೆ. ಬಿಡ್ಲಾ?"

"ಬಿಡಮ್ಮ," ಎಂದರು ಫ್ಯೂಸ್ ಮಾವ. "ಜನ್ಮವೆಲ್ಲ ಕರೆಂಟಿನ ಜೊತೆ ಸಂಸಾರ ಮಾಡ್ದೋನು ನಾನು. ನನಗೇ ಎಚ್ಚರಿಕೆ ಹೇಳೋಕೆ ಬಂದ್ರಾ."

ಅಲ್ಲಿಂದ ಗ್ರಹಚಾರ ಶುರುವಾಯಿತು. ಬಾಬಿನ್‌ಗೆ ದಾರ ಸುತ್ತಲು ಹೋದರೆ ದಾರ ಬಾಬಿನ್ ಬಿಟ್ಟು ಅದರ ಕೆಳಗಿನ ಕಡ್ಡಿಗೆ ಸುತ್ತಿಕೊಂಡಿತು. ಬಿಡಿಸುವಷ್ಟರಲ್ಲಿ ಪಾರ್ಸೆಲಪ್ಪನ ಬನಿಯನ್ನು ಬೆವರಿನಿಂದ ಒದ್ದೆ. ಸೂಜಿಗೆ ದಾರ ಪೋಣಿಸಿ ಒಂದು ಹಳೇ ದಿಂಬಿನ ಚೀಲದ ಮೇಲೆ ಹೊಲಿದರೆ ಮೇಲೆ ನೆಟ್ಟಗಿದ್ದ ಹೊಲಿಗೆ ಕೆಳಗೆ ಹಕ್ಕಿಗೂಡಾಯಿತು. ಬಟ್ಟೆ ಎಳೆದರೆ ಬರಲೊಲ್ಲದು. ಜೋರಾಗಿ ಎಳೆದದ್ದಕ್ಕೆ ಸೂಜಿ ಬಾಗಿಹೋಯಿತು.

"ಸೂಜಿ ಬದಲಾಯಿಸೋಣ, ಬೇರೆ ಕೊಟ್ಟಿದ್ದಾರಲ್ಲ," ಎಂದು ಪಾರ್ಸೆಲಪ್ಪ ತಿರುಪು ಹುಡುಕುತ್ತ, ಬೆರಳನ್ನು ಸೂಜಿಯ ಅಡಿಯಲ್ಲೇ ಇಟ್ಟು ಬಗ್ಗಿ ನೋಡಿದ. ಫ್ಯೂಸ್ ಮಾವ ಸರಿಯಾಗಿ ಕಾಣಲೆಂದು ಕುರ್ಚಿ ಮುಂದಕ್ಕೆಳೆದುಕೊಂಡರು. ಮೇಜಿನ ಕೆಳಗೆ ಕಾಲಿಗೆ ಮೆತ್ತಗೆ ಏನೋ ಸಿಕ್ಕಿತು. ಕಾಲಿಡಲು ಒಳ್ಳೇ ಅನುಕೂಲ ಮಾಡಿದ್ದಾರೆ ಎಂದುಕೊಂಡು ಅದರ ಮೇಲೆ ಪಾದ ಊರಿದರು. ಅದು ಇಷ್ಟು ಹೊತ್ತು ಪಾರ್ಸೆಲಪ್ಪ ತುಳಿದು ಯಂತ್ರ ಓಡಿಸುತ್ತಿದ್ದ ಪೆಡಲು.

ಪಾರ್ಸೆಲಪ್ಪ ಕಿಟಾರನೆ ಕಿರುಚಿಕೊಂಡ. ಬಾಗಿದ ಸೂಜಿಯೇ ಆದರೂ ಬೆರಳಿಗೆ ಇಳಿಯುವಷ್ಟು ನೆಟ್ಟಗಿತ್ತು. ಡಂಗುರದಕ್ಕ ಓಡಿ ಬಂದು ಬಟ್ಟೆ ಸುತ್ತಿದಳು. ಆಮೇಲೆ ನಿಧಾನವಾಗಿ ಪುಸ್ತಕದ ಮೊದಲ ಹಾಳೆ ತೆಗೆದು ಓದಿದಳು.

"ಸೂಜಿ ಬದಲಿಸುವ ಮುನ್ನ ಸ್ವಿಚ್ ಆರಿಸಬೇಕು. ಪೆಡಲಿನ ಮೇಲೆ ಕಾಲಿಡಬಾರದು. ಬೆರಳು ಸೂಜಿಯಿಂದ ದೂರ ಇರಬೇಕು."

"ಇದನ್ನ ಮೊದಲೇ ಓದೋಕೇನಾಗಿತ್ತು ಅಕ್ಕ?"

"ಮಾವ ಬಿಡು ಅಂದ್ರಲ್ಲ."

ಮಾವ ಸೂರಿನ ಕಡೆ ನೋಡುತ್ತಿದ್ದರು.

ಬೆರಳು ತೂತಾದ ಮೇಲೆ ಮೂವರಿಗೂ ಬುದ್ಧಿ ಬಂತು. ಎಚ್ಚರಿಕೆಯ ಹಾಳೆಗಳನ್ನು ಒಂದಕ್ಷರ ಬಿಡದೆ ಓದಿದರು. ಸ್ವಿಚ್ ಆರಿಸಿ, ಸೂಜಿಯ ಚಪ್ಪಟೆ ಬದಿ ಹಿಂದಕ್ಕೆ ಬರುವಂತೆ ಹೊಸದನ್ನು ಸಿಕ್ಕಿಸಿದರು. ಬಟ್ಟೆಯನ್ನು ಒತ್ತಿ ಹಿಡಿಯುವ ಪಾದವನ್ನು ಮೇಲೆತ್ತಿಕೊಂಡೇ ದಾರ ಪೋಣಿಸಬೇಕಂತೆ. ಇವರು ಇಳಿಸಿಕೊಂಡು ಪೋಣಿಸಿದ್ದಕ್ಕೇ ಹಕ್ಕಿಗೂಡಾದದ್ದು. ಈ ಸಲ ಹೊಲಿಗೆ ಮೇಲೂ ಕೆಳಗೂ ಗೆರೆ ಎಳೆದ ಹಾಗೆ ಬಂತು. ಪಾರ್ಸೆಲಪ್ಪ ಅದನ್ನು ಬೆಳಕಿಗೆ ಹಿಡಿದು ಹಿಡಿದು ನೋಡಿದ.

ಇನ್ನು ಕಸೂತಿ. ಹೊಲಿಗೆಯ ಪಾದ ತೆಗೆದು ಕಸೂತಿಯದನ್ನು ಹಾಕಿ, ಪಕ್ಕದಿಂದ ಕಸೂತಿಯ ತೋಳು ಸಿಕ್ಕಿಸಿ, ಚೌಕಟ್ಟಿನಲ್ಲಿ ಬಟ್ಟೆಯನ್ನು ಬಿಗಿಯಾಗಿ ಕೂರಿಸಿದರು. ಪುಟ್ಟ ಪರದೆಯ ಮೇಲೆ ಡಂಗುರದಕ್ಕ ಒಂದು ಹೂ ಆರಿಸಿದಳು. ಗುಂಡಿ ಒತ್ತಿದ ಕೂಡಲೇ ತೋಳು ತಾನಾಗಿ ಅತ್ತಿತ್ತ ಹರಿದಾಡಿ, ಪಕ್ಕದಲ್ಲಿಟ್ಟಿದ್ದ ಮಾವನ ಕಾಫಿ ಲೋಟವನ್ನು ನೆಲಕ್ಕೆ ತಳ್ಳಿತು. ಸುತ್ತ ಜಾಗ ಬಿಡಬೇಕೆಂದೂ ಪುಸ್ತಕದಲ್ಲಿತ್ತು, ಅದು ಮಾವ ಕಾಫಿ ತರಲು ಮಹಡಿಗೆ ಹೋದಾಗ ಓದಿದ ಹಾಳೆ.

ಅದರ ಗಡಿಬಿಡಿಯಲ್ಲಿ ಪಾರ್ಸೆಲಪ್ಪ ಇನ್ನೊಂದನ್ನು ಗಮನಿಸಲಿಲ್ಲ. ಚೌಕಟ್ಟು ಸಿಕ್ಕಿಸುವಾಗ ಮೇಜಿನ ಮೇಲೆ ಬಾಗಿದ್ದನಲ್ಲ, ಅವನ ಅಂಗಿಯ ಅಂಚು ಚೌಕಟ್ಟಿನ ಅಡಿಗೆ ಹೋಗಿತ್ತು. ಹೂವಿನ ಎಸಳು ಒಂದೊಂದಾಗಿ ಅರಳುತ್ತಿತ್ತು. ಅವನು ಬಾಯಿ ಬಿಟ್ಟು ನೋಡುತ್ತ ನಿಂತ. ಹೂ ಮುಗಿದಾಗ ನೆಟ್ಟಗೆ ನಿಲ್ಲಲು ಹೋದರೆ ಯಂತ್ರವೂ ಅವನ ಹಿಂದೆ ಹೊರಟಿತು.

ಸರಿಯಾಗಿ ಆಗಲೇ ಗೋಡೆಯ ಗೂಡಿನಲ್ಲಿದ್ದ ಫೋನು ಹೊಡೆದುಕೊಂಡಿತು. ಪಾರ್ಸೆಲಪ್ಪನಿಗೆ ಅತ್ತ ಹೋಗುವಂತಿಲ್ಲ, ಇತ್ತ ಕೂರುವಂತಿಲ್ಲ. ಡಂಗುರದಕ್ಕ ಫೋನು ತಂದು ಅವನ ಕಿವಿಗೆ ಹಿಡಿದಳು.

"ಏನ್ಮಾಡ್ತಿದ್ದೀರಿ?" ಹೆಂಡತಿಯ ದನಿ.

"ಸುಮ್ನೆ... ಬಗ್ಗಿದ್ದೆ."

"ಪೆಟ್ಟಿಗೆ ಮುಟ್ಟಿಲ್ಲ ತಾನೆ?"

"ಛೆ ಛೆ. ಇಲ್ಲ. ನಾನ್ಯಾಕೆ... ಇಲ್ಲವೇ ಇಲ್ಲ."

"ಮುಟ್ಟಿದ್ರೆ ಮಾತ್ರ ನಾನು ಸುಮ್ಮನಿರಲ್ಲ. ಸಂಜೆ ಬರ್ತೀವಿ." ಫೋನು ಕಟ್ಟಾಯಿತು.

ಫ್ಯೂಸ್ ಮಾವ ಗಡ್ಡ ಕೆರೆದುಕೊಂಡರು. "ಒಂದ್ ಮಾತು. ಕಂಪನಿಯವರಲ್ಲದೆ ಬೇರೆಯವರು ಸೀಲು ಬಿಚ್ಚಿದ್ರೆ ಗ್ಯಾರಂಟಿ ಹೋಗುತ್ತೇನೋಪ್ಪ."

ಪಾರ್ಸೆಲಪ್ಪ ಲೆಕ್ಕ ಹಾಕಿದ. ಸುಳ್ಳು ಹೇಳಿಯಾಗಿದೆ, ಒಂದು ಸೂಜಿ ಹೋಗಿದೆ, ಈಗ ಗ್ಯಾರಂಟಿಯೂ ಹೋದರೆ ಷಡ್ಡಕನ ಎದುರಿಗೆ ಮರ್ಯಾದೆ ಮೂರಾಬಟ್ಟೆ. ಅಂಗಿಯನ್ನು ಹೂವಿನ ಸುತ್ತ ಕತ್ತರಿಸಿ ಅವನನ್ನು ಬಿಡಿಸಿದರು. ಹೂ ಮಾತ್ರ ಮುಟ್ಟಿ ನೋಡಬೇಕು ಅನ್ನುವ ಹಾಗಿತ್ತು. ಅವನ ಜನ್ಮದಲ್ಲಿ ಮೊದಲ ಸಲ ಪೆಟ್ಟಿಗೆಯಿಂದ ಹೊರಬಂದ ಒಂದು ವಸ್ತು ಅವನ ಕೈಯಲ್ಲೇ ನಡೆದಿತ್ತು. ಅದನ್ನು ಮತ್ತೆ ಪೆಟ್ಟಿಗೆಗೆ ಹಾಕುವಾಗ ಹೊಟ್ಟೆ ಉರಿಯಿತು, ನಿಜವಾಗಿ ಉರಿಯಿತು.

ಆದರೂ ಕಟ್ಟಿದ. ಕಟ್ಟುವುದರಲ್ಲಿ ಅವನನ್ನು ಮೀರಿಸುವವರಿಲ್ಲ. ದಾರ ಬಿಚ್ಚಿ, ಬಾಬಿನ್ ಖಾಲಿ ಮಾಡಿ, ನೂಲಿನ ಚೂರನ್ನೂ ಊದಿ ತೆಗೆದು, ಪ್ಲಾಸ್ಟಿಕ್ ಚೀಲಗಳನ್ನು ಹಳೇ ಮಡಿಕೆಯಲ್ಲೇ ಮಡಿಸಿ, ಟೇಪನ್ನು ಹಳೇ ಗೆರೆಯ ಮೇಲೆ ಕೂದಲೆಳೆಯಷ್ಟೂ ಸರಿಯದಂತೆ ಅಂಟಿಸಿದ. ಕಂಪನಿಯವರೇ ಬಂದರೂ ಇದು ಬಿಚ್ಚಿದ ಪೆಟ್ಟಿಗೆ ಎನ್ನುವ ಹಾಗಿರಲಿಲ್ಲ. ಹೂವಿದ್ದ ಬಟ್ಟೆ, ಕತ್ತರಿಸಿದ ಅಂಗಿ, ಬಾಗಿದ ಸೂಜಿ ಎಲ್ಲವನ್ನೂ ಡಂಗುರದಕ್ಕ ಸೆರಗಿನಲ್ಲಿ ಕಟ್ಟಿಕೊಂಡಳು. ಬೆರಳಿನ ಬಟ್ಟೆಗೂ ಒಂದು ಕಾರಣ ಹೊಂದಿಸಿದರು. ಇಬ್ಬರಿಂದಲೂ ಪಾರ್ಸೆಲಪ್ಪ ಕೈಮೇಲೆ ಕೈ ಇಡಿಸಿ ಮಾತು ತೆಗೆದುಕೊಂಡ. ಡಂಗುರದಕ್ಕನ ಮಾತಿನ ಮೇಲೆ ಅವನಿಗೆ ನಂಬಿಕೆ ಹುಟ್ಟಲಿಲ್ಲ. ಸಂಜೆಯವರೆಗೂ ಕಿಟಕಿಗೂ ಬಾಗಿಲಿಗೂ ಓಡಾಡಿದ.

ಸಂಜೆ ಹೆಂಡತಿ, ಅವಳ ಅಕ್ಕ ಇಬ್ಬರೂ ಬಂದರು. ಹೆಂಡತಿ ಚಪ್ಪಲಿಯನ್ನೂ ಬಿಡದೆ ನೇರ ಮೇಜಿನ ಬಳಿ ಹೋಗಿ ನಿಂತಳು.

"ಎಲ್ಲಿ?"

"ಯಾವುದು?"

"ಮಿಷನ್ನು."

"ಪೆಟ್ಟಿಗೇಲಿದೆಯಲ್ಲ. ನೀನು ಹೇಳ್ದಂಗೆ ಬೆರಳೂ ಸೋಕಿಸಿಲ್ಲ. ಭಾವನವರು ಎಲ್ಲಿ?"

"ನಮ್ಮೆಜಮಾನ್ರಾ?" ಎಂದಳು ಅಕ್ಕ. "ಅವರಿಗೆ ಟಾರ್ಚಿಗೆ ಸೆಲ್ಲು ಹಾಕೋಕೂ ಬರಲ್ಲ. ಅವರು ಬಂದು ಏನು ಮಾಡ್ತಾರೆ?"

ಹೆಂಡತಿ ಕುರ್ಚಿಯಲ್ಲಿ ಕುಸಿದು ಕೂತಳು. ಅವಳ ಕಣ್ಣಲ್ಲಿ ನೀರು ನಿಂತಿತ್ತು.

"ಮಾಡಿ ಅಂದ ಕೆಲಸ ನೀವು ಯಾವತ್ತು ಮಾಡಿದ್ದೀರಿ? ಬೇಡ ಅಂದಿದ್ದನ್ನ ಯಾವತ್ತು ಬಿಟ್ಟಿದ್ದೀರಿ? ಅದಕ್ಕೇ ಮುಟ್ಟಬೇಡಿ ಅಂದೆ. ಸಾಲದು ಅಂತ ಭಾವನ ಹೆಸರೂ ಎತ್ತಿದೆ. ಫೋನಲ್ಲಿ ನೀವು ತೊದಲಿದ್ದು ಕೇಳಿ, ಬಿಚ್ಚಿದ್ದಾರೆ ಕಣೇ, ನನ್ನ ಕೆಲಸ ಆಯ್ತು ಅಂತ ಅಕ್ಕನ ಮನೇಲಿ ಕುಣಿದಾಡ್ಬಿಟ್ಟೆ. ಜನ್ಮದಲ್ಲಿ ಒಂದು ದಿನ ನನ್ನ ಮಾತು ಕೇಳಿದ್ರಿ, ಅದೂ ಇವತ್ತೇ ಆಗ್ಬೇಕಿತ್ತಾ?"

ಪಾರ್ಸೆಲಪ್ಪ ಪೆಟ್ಟಿಗೆಯ ಬಳಿಗೆ ಓಡಿದ. "ಇಲ್ಲ ಕಣೇ, ಮಾಡಿದ್ದೆ. ಬಿಚ್ಚಿ, ಜೋಡಿಸಿ, ಹೂವೂ ಹಾಕಿದ್ದೆ. ನೀನು ಬೈತೀಯ ಅಂತ ವಾಪಸ್ ಕಟ್ಟಿಟ್ಟೆ."

ಅಕ್ಕ ಪೆಟ್ಟಿಗೆಯ ಸುತ್ತ ಬಂದು, ಬಗ್ಗಿ ಟೇಪಿನ ಮೇಲೆ ಉಗುರಾಡಿಸಿ ನೋಡಿದಳು. "ಇದನ್ನ ಯಾರೂ ಬಿಚ್ಚೇ ಇಲ್ಲ ಬಿಡೇ. ಕಂಪನೀಲಿ ಅಂಟಿಸಿದ ಹಾಗೇ ಇದೆ."

"ಬೇಕಾದ್ರೆ ಅವರನ್ನ ಕೇಳು," ಎಂದು ಪಾರ್ಸೆಲಪ್ಪ ಕಿಟಕಿಗೆ ಓಡಿ ಡಂಗುರದಕ್ಕನನ್ನೂ ಫ್ಯೂಸ್ ಮಾವನನ್ನೂ ಕೂಗಿ ಕರೆದ. ಇಬ್ಬರೂ ಬಂದರು. "ಅಕ್ಕ, ಹೇಳಿ, ಬೆಳಿಗ್ಗೆಯಿಂದ ನಾನು ಏನು ಮಾಡಿದೆ, ಎಲ್ಲಾ ಹೇಳಿ."

ಡಂಗುರದಕ್ಕ ಅವನ ಮುಖ ನೋಡಿದಳು. ತನ್ನನ್ನು ಪರೀಕ್ಷೆ ಮಾಡುತ್ತಿದ್ದಾನೆ ಅಂದುಕೊಂಡಳೋ ಏನೋ, ಸೆರಗು ಬಿಗಿ ಮಾಡಿಕೊಂಡಳು.

"ನಾನು ಕಿಟಕೀಲೇ ಕೂತಿದ್ನಲ್ಲ. ಪಾಪ, ಆ ಪೆಟ್ಟಿಗೆ ಕಡೆ ತಲೆ ಹಾಕಿಯೂ ಮಲಗಲಿಲ್ಲ ಅವರು."

"ಅಕ್ಕ, ಈಗ ಹೇಳ್ಬಹುದು. ಹೂವು ತೋರಿಸಿ."

"ಯಾವ ಹೂವು?"

"ಮಾವ, ನೀವಾದ್ರೂ ಹೇಳಿ. ಈ ಬೆರಳು ನೋಡಿ."

"ಈರುಳ್ಳಿ ಹೆಚ್ಚೋವಾಗ ಕುಯ್ಕೊಂಡ್ರಮ್ಮ," ಎಂದರು ಫ್ಯೂಸ್ ಮಾವ, ಹೆಂಡತಿಯತ್ತ ತಿರುಗಿ, ಕಣ್ಣು ಕೂಡ ಮಿಟುಕಿಸದೆ. "ನಾನೇ ಎದುರಿಗಿದ್ದೆ."

ಇಡೀ ಬೀದಿಯಲ್ಲಿ ಡಂಗುರದಕ್ಕ ಗುಟ್ಟು ಉಳಿಸಿದ್ದು ಅದೇ ಮೊದಲು. ಹೋಗುತ್ತ ಪಾರ್ಸೆಲಪ್ಪನ ಕಿವಿಯ ಬಳಿ ಹೆಮ್ಮೆಯಿಂದ, "ಪ್ರಾಣ ಹೋದ್ರೂ ಹೇಳಲ್ಲ ಅಂದಿದ್ನಲ್ಲ, ನೋಡಿದ್ರಾ," ಎಂದಳು.

ಹೆಂಡತಿ ಕಣ್ಣೊರೆಸಿಕೊಂಡು ಫ್ಯೂಸ್ ಮಾವನಿಗೆ ಕೈಮುಗಿದಳು. "ಮಾವ, ನೀವು ಕರೆಂಟಿನ ಕೆಲಸ ತಿಳಿದೋರು. ಬೆಳಿಗ್ಗೆಗೆ ಏಪ್ರನ್ ಕೊಡ್ಬೇಕು. ಇದೊಂದು ಜೋಡಿಸಿ ಕೊಡ್ತೀರಾ?"

ಮಾವ ಅಂಗಿಯ ತೋಳು ಮಡಿಸಿದರು. ಟೇಪು ಪರಪರ ಹರಿದು ಯಂತ್ರವನ್ನು ಹೊರಗೆ ತೆಗೆದರು. ಸ್ವಿಚ್ ಆರಿದೆಯೇ ಎಂದು ನೋಡಿದರು, ಪೆಡಲನ್ನು ಪಕ್ಕಕ್ಕೆ ಸರಿಸಿದರು, ಪಾದ ಎತ್ತಿ ದಾರ ಪೋಣಿಸಿದರು, ಮೇಜಿನ ಮೇಲಿದ್ದ ಲೋಟವನ್ನು ಎತ್ತಿಸಿದರು. ಸ್ವಲ್ಪ ಹೊತ್ತಿಗೆಲ್ಲ ಮೊದಲ ಏಪ್ರನ್ನಿನ ಮೇಲೆ ಹೂ ಅರಳಿತು. ಹೆಂಡತಿ, ಅಕ್ಕ ಇಬ್ಬರೂ ಬೆರಗಾಗಿ ನೋಡುತ್ತಿದ್ದರು.

"ಎಷ್ಟು ಚೆನ್ನಾಗಿ ತಿಳ್ಕೊಂಡಿದ್ದೀರಿ ಮಾವ."

"ಎಲ್ಲಾ ಅನುಭವ ಅಮ್ಮ. ಮೊದಲು ಎಚ್ಚರಿಕೆ ಹಾಳೆ ಓದ್ಬೇಕು. ನಮ್ಮ ಜನ ಅದನ್ನೇ ಓದಲ್ಲ," ಎಂದ ಮಾವ ಪಾರ್ಸೆಲಪ್ಪನತ್ತ ನೋಡದೆ ಬೆರಳೆತ್ತಿದರು. "ಅವರಿಗೆ ಸ್ವಲ್ಪ ದೂರ ನಿಲ್ಲೋಕೆ ಹೇಳಮ್ಮ. ಅಂಗಿ ಗಿಂಗಿ ಸಿಕ್ಕಿಕೊಂಡ್ರೆ ಕಷ್ಟ."

ಪಾರ್ಸೆಲಪ್ಪ ದೂರ ಸರಿದು ನಿಂತ. ಹೆಂಡತಿ ಎರಡನೆಯ ಏಪ್ರನ್ನನ್ನು ಚೌಕಟ್ಟಿಗೆ ಸಿಕ್ಕಿಸುತ್ತ, ತಲೆ ಎತ್ತದೆ ಹೇಳಿದಳು:

"ಅಲ್ಲೇ ನಿಂತು ಏನ್ ನೋಡ್ತೀರಿ? ಆ ಖಾಲಿ ಪೆಟ್ಟಿಗೆನಾದ್ರೂ ಎತ್ತಿಡಿ. ಅದೊಂದು ಬರುತ್ತಲ್ಲ ನಿಮಗೆ."