ಕುರ್ಚಿಯ ಬೆಲೆ ಮತ್ತು ಚಿಕ್ಕಮ್ಮನ ನೇಮಕ

ಕೈಯಿಂದ ಮಾಡಿದ ಕುರ್ಚಿಗೆ ಬೆಲೆ ಕಟ್ಟುವ ಅಧಿಕಾರ ಅದನ್ನು ಮಾಡಿದವನಿಗೆ ಇರುವುದಿಲ್ಲ. ಸದರಿ ಅಧಿಕಾರವು ಕುರ್ಚಿ ಮಾಡದವರಲ್ಲಿ ನಿಹಿತವಾಗಿದೆ. ನಮ್ಮ ಆನ್‌ಲೈನ್ ಮರಗೆಲಸಗಾರರ ಬಳಗದ ನಿಯಮಾವಳಿ ಶುರುವಾಗುವುದೇ ಹೀಗೆ. ನಾನು ಆ ಬಳಗದ ಕಾರ್ಯದರ್ಶಿ. ಹುದ್ದೆಗೆ ಬೇಕಾದ ಅರ್ಹತೆಗೆಂದು ಒಂದು ಕಪಾಟನ್ನು ಅರ್ಧ ಮಾಡಿದ್ದೇನೆ. ಉಳಿದರ್ಧಕ್ಕೆ ಯಾವ ಗರಗಸ ಉತ್ತಮ ಎಂಬ ಚರ್ಚೆ ಬಳಗದಲ್ಲಿ ಇನ್ನೂ ಮುಗಿಯದ ಕಾರಣ ನನ್ನ ಪುಸ್ತಕಗಳು ಸದ್ಯಕ್ಕೆ ನೆಲದ ಮೇಲಿವೆ.

ನಮ್ಮ ಅಧ್ಯಕ್ಷರು ಹಲ್ಲಿನ ಡಾಕ್ಟರು. ಅವರ ಬಳಿ ಇರುವಷ್ಟು ಯಂತ್ರಗಳು ಸಣ್ಣ ಕಾರ್ಖಾನೆಯಲ್ಲೂ ಇಲ್ಲ. ಅವುಗಳಿಗೆ ಧೂಳು ತಾಗಬಾರದೆಂದು ಅವರು ಮರ ಕೊಯ್ಯುವುದಿಲ್ಲ. ಉಪಾಧ್ಯಕ್ಷರನ್ನು ಎಲ್ಲರೂ ಉಳಿಯಣ್ಣ ಎನ್ನುತ್ತಾರೆ. ದಿನಾ ಬೆಳಗ್ಗೆ ಉಳಿಗಳನ್ನು ಮಸೆದು, ಹರಿತವಾಯಿತೇ ಎಂದು ಮುಂಗೈ ಕೂದಲು ಹೆರೆದು ನೋಡಿ, ಅದರ ವಿಡಿಯೋ ಹಾಕುವುದು ಅವರ ಮರಗೆಲಸ. ಅವರ ಎಡಗೈ ಮಗುವಿನ ಕೆನ್ನೆಯಷ್ಟು ನುಣುಪಾಗಿದೆ.

ಇಂಥ ಶಿಸ್ತಿನ ಬಳಗಕ್ಕೆ ಒಬ್ಬ ಬಡಗಿ ಸದಸ್ಯರಾಗಿದ್ದರು. ಅವರಿಗೆ ಕುರ್ಚಿ ಮಾಡುವ ಚಟವಿತ್ತು. ಮನೆಯ ಊಟದ ಕೋಣೆಯನ್ನೇ ಕಾರ್ಯಾಗಾರ ಮಾಡಿಕೊಂಡು, ಊಟದ ಮೇಜನ್ನು ಮೆಟ್ಟಿಲ ಕೆಳಗೆ ತಳ್ಳಿದ್ದರು. ಅವರ ಹೆಂಡತಿ ಒಂದು ದಿನ ತಟ್ಟೆಯಿಂದ ಮರದ ಸಿಬಿರು ಆರಿಸಿ ತೆಗೆದು ಅವರ ಮುಂದೆ ಇಟ್ಟರು.

"ನೋಡ್ರೀ, ಒಂದೇ ಒಂದು ಸಾಮಾನು ಹೊರಗಿನವರ ಕೈಗೆ ಹೋಗಿ, ನಾಲ್ಕು ಕಾಸು ಒಳಗೆ ಬರ್ಲಿ. ಬಂದ್ರೆ ಈ ಕೋಣೆ ನಿಮ್ದು, ನಾನು ಉಸಿರೆತ್ತಲ್ಲ. ಬರ್ಲಿಲ್ವಾ, ಗರಗಸ ಗುಜರಿಗೆ, ಮೇಜು ಕೋಣೆಗೆ."

ಬಡಗಿಗೆ ಆ ಕೋಣೆ ಹೋದರೆ ಜೀವವೇ ಹೋದಂತೆ. ಅದೃಷ್ಟಕ್ಕೆ ಎದುರುಮನೆಯ ನರ್ಸಮ್ಮ ಅದೇ ವಾರ ಒಂದು ಕುರ್ಚಿ ಕೇಳಿದ್ದರು. ನಿವೃತ್ತರು, ಮನೆಯಲ್ಲಿ ಅವರೂ ಒಂದು ರೇಡಿಯೋವೂ ಇಬ್ಬರೇ. ಮಂಡಿ ಕೈಕೊಟ್ಟಿತ್ತು. ಅಂಗಡಿಯ ಸೋಫಾದಲ್ಲಿ ಒಮ್ಮೆ ಕೂತವರು, ಹಾಲಿನವನು ಬಾಗಿಲು ತಟ್ಟುವವರೆಗೆ ಏಳಲಾಗದೆ ಅಲ್ಲೇ ಉಳಿದಿದ್ದರು.

"ಕೂತ್ಕೊಳ್ಳೋಕೆ ಎಲ್ಲಾ ಕುರ್ಚೀನೂ ಆಗತ್ತಪ್ಪ. ಏಳೋಕಾಗೋದು ಬೇಕು, ಯಾರನ್ನೂ ಕೂಗದೆ," ಎಂದಿದ್ದರು.

ಬಡಗಿ ಎತ್ತರದ ಆಸನ, ಗಟ್ಟಿ ತೋಳು ಇಟ್ಟು ಕುರ್ಚಿ ಮಾಡಿದರು. ಒಂದು ತಿಂಗಳ ದಿನಸಿಯಷ್ಟು ಬೆಲೆ ಹೇಳಿದರು. ನರ್ಸಮ್ಮ "ಆಗ್ಲಪ್ಪ" ಎಂದರು. ವ್ಯವಹಾರ ಅಲ್ಲಿಗೆ ಮುಗಿದು ಒಂದು ದುರಂತವಾಗುವುದರಲ್ಲಿತ್ತು. ಆದರೆ ಬಡಗಿಗೆ ಸದ್ಬುದ್ಧಿ ಬಂದು, ಕುರ್ಚಿಯ ಫೋಟೋವನ್ನು ಬಳಗಕ್ಕೆ ಹಾಕಿ, "ಇಷ್ಟು ಹೇಳಿದೀನಿ, ಸರಿನಾ?" ಎಂದು ಕೇಳಿದರು.

ಕೈಯಲ್ಲಿದ್ದ ಚಹಾ ಆರುವುದರೊಳಗೆ ಬಳಗ ಹೊತ್ತಿ ಉರಿಯಿತು. "ಅಣ್ಣಾ, ನಿನ್ನನ್ನ ನೀನೇ ಇಷ್ಟು ಅಗ್ಗಕ್ಕೆ ಮಾರ್ಕೋತೀಯಲ್ಲ, ಕರುಳು ಕಿತ್ತು ಬರ್ತಿದೆ," ಎಂದು ಉಳಿಯಣ್ಣ ಬರೆದರು. ಮರವನ್ನು ಸುಮ್ಮನೆ ನೋಡುತ್ತಾ ನಿಂತ ಹೊತ್ತನ್ನು ಲೆಕ್ಕಕ್ಕೆ ಹಿಡಿದಿದ್ದೀರಾ ಎಂದು ಒಬ್ಬರು ಕೇಳಿದರು. ಸ್ನಾನ ಮಾಡುವಾಗ ಕುರ್ಚಿಯ ಬಗ್ಗೆ ಯೋಚಿಸಿದ್ದರೆ ಬಿಸಿನೀರಿನ ಖರ್ಚನ್ನೂ ಸೇರಿಸಬೇಕೆಂದು ಇನ್ನೊಬ್ಬರು ಹೇಳಿದರು. "ಆ ಬೆಲೆಗಾದ್ರೆ ನನಗೊಂದು ಕೊಡಿ" ಎಂದು ಯಾರೋ ಬರೆದರು. ಅಸಭ್ಯವೆಂಬ ಕಾರಣಕ್ಕೆ ಅದನ್ನು ನಾನೇ ಅಳಿಸಿದೆ.

ಕೂಡಲೇ ಬೆಲೆ ನಿರ್ಧಾರ ಸಮಿತಿ ಸಭೆ ಸೇರಿತು. ಮರ, ಅಂಟು ಮತ್ತು ಬೆವರಿನ ಜೊತೆಗೆ ಹೆಬ್ಬೆರಳಿನ ಗಾಯ, ಹೆಂಡತಿಯ ಕೋಪಕ್ಕೆ ಗೃಹ ಅಶಾಂತಿ ಭತ್ಯೆ, ಮಾಡಬಹುದಾಗಿದ್ದು ಮಾಡದೇ ಬಿಟ್ಟ ಇತರೆ ಕುರ್ಚಿಗಳ ನಷ್ಟ, ಎಲ್ಲವನ್ನೂ ಕೂಡಲಾಯಿತು. ಕೊನೆಗೆ ಅಧ್ಯಕ್ಷರು, ಮುಂದೊಂದು ಕಾಲಕ್ಕೆ ಈ ಕುರ್ಚಿ ಪುರಾತನ ವಸ್ತುವಾಗಲಿದ್ದು, ಆಗಿನ ಬೆಲೆಯನ್ನು ಈಗಲೇ ವಸೂಲು ಮಾಡತಕ್ಕದ್ದು ಎಂದು ಸೂಚಿಸಿದರು. ಮೊತ್ತವು ಒಂದು ಹಳೆಯ, ಆದರೆ ಓಡುವ ಕಾರಿನ ಬೆಲೆಗೆ ಬಂದು ನಿಂತಿತು. ಇದಕ್ಕಿಂತ ಕಡಿಮೆಗೆ ಮಾರಿದವರನ್ನು ಬಳಗದಿಂದ ತೆಗೆಯಲಾಗುವುದೆಂದು ಪ್ರಕಟಣೆ ಹೊರಟಿತು. ಟಿಂಬರ್ ಡಿಪೋದ ಮಾಲೀಕರೂ ಬಳಗದವರೇ ಆದ್ದರಿಂದ, ಹೊರಬಿದ್ದವರು ಒಣಗಿದ ಮರದ ಆಸೆಯನ್ನೂ ಬಿಟ್ಟಂತೆಯೇ.

ಬಡಗಿ ಕುರ್ಚಿ ಹೊತ್ತು, ತಲೆ ತಗ್ಗಿಸಿಕೊಂಡು ಹೋಗಿ ಹೊಸ ಬೆಲೆ ಹೇಳಿದರು. ನರ್ಸಮ್ಮ ಕುರ್ಚಿಯ ಸುತ್ತ ಒಂದು ಸುತ್ತು ಬಂದು, ಬಗ್ಗಿ ಕೆಳಗೆ ನೋಡಿದರು.

"ಇದಕ್ಕೆ ಚಕ್ರ ಎಲ್ಲಪ್ಪಾ?"

ಕುರ್ಚಿ ಮಾರಾಟವಾಗಲಿಲ್ಲ. ವಿಷಯ ತಿಳಿದ ಸಮಿತಿಯು, ಬೆಲೆ ತೀರಾ ಕಡಿಮೆಯಾದ್ದರಿಂದ ಗಿರಾಕಿಗೆ ನಂಬಿಕೆ ಬಂದಿಲ್ಲವೆಂದು ತೀರ್ಮಾನಿಸಿ, ಅದನ್ನು ಓಡುವ ಹೊಸ ಕಾರಿನ ಮಟ್ಟಕ್ಕೆ ಏರಿಸಿತು. ಬಡಗಿಯ ಮನೆಯಲ್ಲಿ ಹೆಂಡತಿ ಮೆಟ್ಟಿಲ ಕೆಳಗಿನ ಮೇಜನ್ನು ಒದ್ದೆ ಬಟ್ಟೆಯಿಂದ ಒರೆಸತೊಡಗಿದರು. ಬಡಗಿ ಗೋಡೆಯ ಗರಗಸಗಳನ್ನು ಒಂದೊಂದಾಗಿ ಇಳಿಸಿದರು. ನೋಡಿದರೆ ಯಾರಿಗಾದರೂ ಅಯ್ಯೋ ಅನ್ನಿಸಬೇಕು, ಹೆಂಡತಿಗೂ ಅನ್ನಿಸಿತು. ಕೈಯಲ್ಲಿದ್ದ ಬಟ್ಟೆ ಬಿಟ್ಟು ಗಂಡನ ಫೋನು ತೆಗೆದುಕೊಂಡು, ನಾವು ಸದಸ್ಯರೇ ಎಂದೂ ಓದದ ನಿಯಮಾವಳಿಯನ್ನು ಕೊನೆಯವರೆಗೆ ಓದಿದರು.

ಕೊನೆಯ ನಿಯಮ ನಮ್ಮ ಅನುಕೂಲಕ್ಕೆಂದೇ ಮಾಡಿಕೊಂಡದ್ದು. ಬಳಗದ ಇತಿಹಾಸದಲ್ಲಿ ಯಾರೂ ಏನನ್ನೂ ಮಾರಿರಲಿಲ್ಲ. ಮಾಡಿದ್ದೆಲ್ಲ ಭಾವಮೈದುನ, ನಾದಿನಿಯರ ಪಾಲಾಗಿತ್ತು. ಆದ್ದರಿಂದ, "ಬಂಧುಗಳಿಗೆ ಕೊಟ್ಟದ್ದು ಮಾರಾಟವಲ್ಲ. ಅವರಿಂದ ಮರದ ಕಾಸು ಹಾಗೂ ಏನೋ ಒಂದಿಷ್ಟು ಸ್ವೀಕರಿಸಬಹುದು."

"ನರ್ಸಮ್ಮ ನಿಮಗೆ ಏನಾಗ್ಬೇಕು?" ಹೆಂಡತಿ ಕೇಳಿದರು.

"ಏನಾಗ್ಬೇಕು? ಎದುರುಮನೆಯವರಾಗ್ಬೇಕು."

"ಅಲ್ಲ. ಚಿಕ್ಕಮ್ಮ ಆಗ್ಬೇಕು. ಹೋಗಿ ಹೇಳಿ ಬನ್ನಿ."

ನರ್ಸಮ್ಮ ಈ ನೇಮಕವನ್ನು ತಕ್ಷಣ ಒಪ್ಪಿಕೊಂಡರು. ಬಳಗ ಸುಮ್ಮನೆ ಒಪ್ಪುವುದೇ? ಬಾಂಧವ್ಯ ಪರಿಶೀಲನೆಗೆಂದು ಅಧ್ಯಕ್ಷರು, ಉಳಿಯಣ್ಣ ಮತ್ತು ನಾನು ನರ್ಸಮ್ಮನ ಮನೆಗೆ ಖುದ್ದಾಗಿ ಹೋದೆವು. ಕುರ್ಚಿ ನಡುಮನೆಯಲ್ಲಿತ್ತು. ನರ್ಸಮ್ಮ ಅದರಲ್ಲಿ ಕೂತಿದ್ದರು, ಬಡಗಿ ಪಕ್ಕದಲ್ಲಿ ನಿಂತಿದ್ದರು.

"ನೀವು ಇವರ ಚಿಕ್ಕಮ್ಮ ಅನ್ನೋದಕ್ಕೆ ಆಧಾರ ಏನು?" ಅಧ್ಯಕ್ಷರು ಕೇಳಿದರು.

ನರ್ಸಮ್ಮ ಬಡಗಿಯ ಕಡೆ ತಿರುಗಿದರು. "ಏನೋ ಇದು ಅವತಾರ? ತಲೆಗೂದಲು ನೋಡು, ಕಾಗೆ ಗೂಡು. ಅವಳು ಬಡಿಸಿದ್ದು ಬಿಸಿ ಇರುವಾಗ ತಿನ್ನೋಕೇನು ರೋಗ? ಮತ್ತೆ ಈ ಕುರ್ಚಿ, ಹಿಂದಿನ ಕಾಲು ಗಿಡ್ಡ ಮಾಡಿದೀಯಲ್ಲ, ಇದಕ್ಕೆ ಪೂರ್ತಿ ದುಡ್ಡು ಬೇರೆ ಕೊಡ್ಬೇಕಾ?"

ಅಷ್ಟು ಹೇಳಿ, ಎರಡೂ ತೋಳುಗಳ ಮೇಲೆ ಕೈಯೂರಿ, ಯಾರನ್ನೂ ಕೂಗದೆ ಎದ್ದು, ಕಾಲು ಗಿಡ್ಡವಿರುವ ಜಾಗ ತೋರಿಸಿದರು. ಉಳಿಯಣ್ಣ ಅಳತೆಪಟ್ಟಿ ಹಿಡಿದು ನೋಡಿದರು. ಕಾಲು ಸರಿಯಾಗಿಯೇ ಇತ್ತು.

ನಾವು ಹೊರಗೆ ಹೋಗಿ ಚರ್ಚಿಸಿದೆವು. ಹೊರಗಿನವರು ಯಾರೂ ಸರಿಯಿರುವ ಕುರ್ಚಿಯಲ್ಲಿ ಇಷ್ಟು ಧೈರ್ಯವಾಗಿ ತಪ್ಪು ಹುಡುಕಲಾರರು, ಹುಡುಕಿದರೂ ಆಮೇಲೆ ಅದನ್ನು ಇಟ್ಟುಕೊಳ್ಳಲಾರರು. ರಕ್ತಸಂಬಂಧ ಸಾಬೀತಾಗಿದೆ ಎಂದು ಒಮ್ಮತದಿಂದ ದಾಖಲಿಸಿದೆವು. ಏನೋ ಒಂದಿಷ್ಟು ಎಂದು ನರ್ಸಮ್ಮ ಕೊಟ್ಟದ್ದು, ಕಾಕತಾಳೀಯವಾಗಿ, ಒಂದು ತಿಂಗಳ ದಿನಸಿಯಷ್ಟೇ ಇತ್ತು. ಅದನ್ನು ಎಣಿಸಿ ನೋಡಿದ ಬಡಗಿಯ ಹೆಂಡತಿ ಗರಗಸಗಳನ್ನು ತಾವೇ ಮತ್ತೆ ಮೊಳೆಗೆ ತಗುಲಿಹಾಕಿದರು.

ಸುದ್ದಿ ಬೀದಿಗೆ ಹಬ್ಬಲು ತಡವಾಗಲಿಲ್ಲ. ಪೋಸ್ಟ್‌ಮ್ಯಾನ್ ಷಡ್ಡಕರಾಗಿ ಬಂದು ಒಂದು ಮಂಚಕ್ಕೆ ಹೇಳಿ, ಅದು ತಯಾರಾದಾಗ ತಲೆದಿಂಬಿನ ಕಡೆ ಚಿಕ್ಕದಾಯಿತೆಂದು ಮುಖ ಊದಿಸಿಕೊಂಡು ಎತ್ತಿಕೊಂಡು ಹೋದರು. ಮೇಷ್ಟ್ರು ದೊಡ್ಡಪ್ಪನಾದರು. ಟಿಂಬರ್ ಡಿಪೋದವರು ಬೀಗರಾಗಲು ಬಯಸಿದರು. ಎರಡೂ ಕಡೆ ಮದುವೆಯ ವಯಸ್ಸಿನ ಮಕ್ಕಳಿಲ್ಲದಿದ್ದರೂ, ಮುಂದೆ ಆಗಬಹುದೆಂಬ ಆಧಾರದ ಮೇಲೆ ಅನುಮತಿ ನೀಡಲಾಯಿತು. ಅಧ್ಯಕ್ಷರು ತಮ್ಮ ಯಂತ್ರಗಳ ನಡುವೆ ಇಷ್ಟು ದಿನ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂರುತ್ತಿದ್ದುದು ಆಗ ಬೆಳಕಿಗೆ ಬಂತು. ಅವರೀಗ ಬಡಗಿಗೆ ಭಾವ.

ಮೂಲ ಕುರ್ಚಿಯ ಅಧಿಕೃತ ಬೆಲೆ ಬಳಗದಲ್ಲಿ ಈಗಲೂ ಇದೆ. ಪ್ರತಿ ಸಭೆಯಲ್ಲೂ ಏರಿಸುತ್ತೇವೆ. ಸದ್ಯ ಒಂದು ಮಹಡಿ ಮನೆಯ ಹತ್ತಿರಕ್ಕೆ ಬಂದಿದೆ. ಆ ಬೆಲೆಗಿಂತ ಒಂದು ಕಾಸು ಕಡಿಮೆಗೆ ಇದುವರೆಗೂ ಯಾವ ಕುರ್ಚಿಯೂ ಮಾರಾಟವಾಗಿಲ್ಲವೆಂದು ವಾರ್ಷಿಕ ವರದಿಯಲ್ಲಿ ಹೆಮ್ಮೆಯಿಂದ ಬರೆದಿದ್ದೇನೆ. ಅದನ್ನು ಓದಿದಾಗ, ವಾರ್ಷಿಕ ಸಭೆಗೆ ಬಂದಿದ್ದ ಬಂಧುಗಳೂ ಸೇರಿ ಎಲ್ಲರೂ ಚಪ್ಪಾಳೆ ತಟ್ಟಿದರು. ಜೋರಾಗಿ ತಟ್ಟಿದವರು ನರ್ಸಮ್ಮ, ಎದ್ದು ನಿಂತು.

ಹೋದ ವಾರ ನನ್ನ ಅರ್ಧ ಕಪಾಟನ್ನೂ ಬಡಗಿ ಪೂರ್ತಿ ಮಾಡಿಕೊಟ್ಟರು. ಪುಸ್ತಕಗಳು ನೆಲ ಬಿಟ್ಟು ಎದ್ದಿವೆ. ಮರದ ಕಾಸು ಹಾಗೂ ಏನೋ ಒಂದಿಷ್ಟನ್ನು ಅವರ ಕೈಗಿಟ್ಟು, ಸ್ವಲ್ಪ ಹಿಂದೆ ಸರಿದು ನಿಂತು, "ಎಡಕ್ಕೆ ವಾಲಿದೆಯಲ್ಲ ಮಾವ," ಎಂದೆ.

ಕಪಾಟು ವಾಲಿರಲಿಲ್ಲ. ಆದರೆ ನಿಯಮ ಎಂದರೆ ನಿಯಮ.