ಬೆಟ್ಟದ ಗಾಳಿ ಕುಡಿದ ಮೊಮ್ಮಗಳು

ಓಡುವವಳು ಮೊಮ್ಮಗಳೊಬ್ಬಳೇ; ಏದುಸಿರು ಬಿಡುವುದು ಮಾತ್ರ ಮನೆಮಂದಿಯೆಲ್ಲ. ದೊಡ್ಡಬಳ್ಳಾಪುರದ ಪಕ್ಕದ ನಮ್ಮೂರಿನ ಕೆರೆ ಏರಿಯ ಮೇಲೆ ಅವಳು ಓಡಲು ಶುರುಮಾಡಿದಂದಿನಿಂದ ಈ ಮನೆಯಲ್ಲಿ ಏನಾದರೊಂದು ನಡೆಯದ ವಾರವಿಲ್ಲ. ನಾನು ಆ ಕಾಲದ ಬಿ.ಎಸ್ಸಿ. ಅವಳ ನಾಡಿ, ನಿದ್ದೆ, ಓಟದ ಸಮಯ ಎಲ್ಲವನ್ನೂ ದಿನವೂ ಪುಸ್ತಕದಲ್ಲಿ ಬರೆದಿಡುತ್ತೇನೆ. ಆದ್ದರಿಂದ ಇಲ್ಲಿ ಉತ್ಪ್ರೇಕ್ಷೆ ಇಲ್ಲ. ಇದ್ದರೆ ಅದು ನನ್ನ ಮಗನದು.

ಟ್ಯಾಂಕಿನ ಪಕ್ಕದ ಮಂಚ

ಈ ವರ್ಷ ಅವಳಿಗೆ ಐದು ಸಾವಿರ ಮೀಟರ್ ಓಟದಲ್ಲಿ ರಾಜ್ಯ ತಂಡ ಸೇರುವ ಅವಕಾಶವಿತ್ತು. ಆಯ್ಕೆ ಓಟದಲ್ಲಿ ಮೊದಲ ಇಬ್ಬರಿಗಷ್ಟೇ ಜಾಗ. ಕೋಚ್ ಮನೆಗೆ ಬಂದು ವಿವರಿಸಿದರು: "ಎತ್ತರದ ಜಾಗದಲ್ಲಿ ಗಾಳಿ ತೆಳು ಅಮ್ಮಾ. ಅಲ್ಲಿ ಕೆಲವು ವಾರ ಇದ್ರೆ ಮೈ ತಾನಾಗೇ ಕೆಂಪು ರಕ್ತಕಣ ಜಾಸ್ತಿ ಮಾಡ್ಕೊಳ್ಳುತ್ತೆ. ಕೆಳಗಿಳಿದು ಓಡಿದಾಗ ಅದೇ ಬಲ. ಮೇಲೆ ಮಲಗ್ಬೇಕು, ಕೆಳಗೆ ಓಡ್ಬೇಕು."

ನನ್ನ ಕಿರಿಯ ಮಗ ಕೊನೆಯ ಮಾತನ್ನಷ್ಟೇ ಕೇಳಿಸಿಕೊಂಡ. ಸಂಜೆ ನೋಡಿದರೆ ಅವಳ ಮಂಚ ತಾರಸಿಯ ಮೇಲೆ, ನೀರಿನ ಟ್ಯಾಂಕಿನ ಪಕ್ಕ.

"ಚಿಕ್ಕಪ್ಪಾ, ಸಾವಿರಾರು ಅಡಿ ಬೇಕು. ಇದು ಇಪ್ಪತ್ತಡಿ!"

"ಇಪ್ಪತ್ತಡಿಗೆ ಎಷ್ಟು ರಕ್ತ ಬರುತ್ತೋ ಅಷ್ಟಾದ್ರೂ ಬರ್ಲಿ. ಬಿಟ್ಟಿ ಸಿಗೋದನ್ನ ಯಾಕೆ ಬಿಡ್ಬೇಕು?"

ನಾಡಿ ಹೇಳಿದ ಗುಟ್ಟು

ಕೊನೆಗೆ ಕೋಚ್ ಅವಳನ್ನು ಹಿಮಾಲಯದ ಕಡೆ ತರಬೇತಿಗೆ ಕಳಿಸಿದರು. ಪ್ರತಿ ಬೆಳಿಗ್ಗೆ ಅವಳು ಫೋನಿನಲ್ಲಿ ನಾಡಿ ಹೇಳುವುದು, ನಾನು ಬರೆದುಕೊಳ್ಳುವುದು. ಇಲ್ಲಿ ಐವತ್ತೆರಡು ಇದ್ದದ್ದು ಅಲ್ಲಿ ಮೂರನೇ ದಿನ ಅರವತ್ತೆಂಟು. ಎತ್ತರಕ್ಕೆ ಹೋದ ಹೊಸತರಲ್ಲಿ ಅದು ಸಹಜ ಎಂದು ನನಗೆ ಗೊತ್ತು. ಪಕ್ಕದಲ್ಲಿ ಹೂ ಕಟ್ಟುತ್ತಿದ್ದ ನಾದಿನಿಗೆ ಗೊತ್ತಿರಲಿಲ್ಲ. ಫೋನ್ ಕಿತ್ತುಕೊಂಡಳು.

"ಯಾರೇ ಅವನು?"

"ಯಾರೂ ಇಲ್ಲ ಅಜ್ಜಿ. ಇಲ್ಲಿ ಗಾಳಿ ತೆಳು, ಅದಕ್ಕೇ ಎದೆ ಹೊಡ್ಕೊಳ್ಳುತ್ತೆ."

"ನಂಗೂ ಎದೆ ಹೊಡ್ಕೊಂಡಾಗ, ಬಾವಿ ನೀರು ಸೇದಿ ಸುಸ್ತಾಯ್ತು ಅಂತ ನಮ್ಮಪ್ಪನಿಗೆ ಹೇಳ್ತಿದ್ದೆ ಕಣೇ. ಆ ವರ್ಷಾನೇ ಲಗ್ನ ಆಯ್ತು."

ಬೇಯದ ಹುರುಳಿ

ಶಕ್ತಿ ಬರಲೆಂದು ಹುರುಳಿಕಾಳು ಕಟ್ಟಿ ಕಳಿಸಿದ್ದೆ. ಎರಡು ಗಂಟೆ ಕುದಿಸಿದರೂ ಕಾಳು ಕಲ್ಲಿನಂತೆಯೇ ಇತ್ತಂತೆ. ಅಲ್ಲಿನ ಅಡುಗೆಯವರು ಕಾಳೇ ಸರಿಯಿಲ್ಲ ಎಂದರಂತೆ. ನಮ್ಮ ಹೊಲದ ಕಾಳಿಗೆ ಆ ಮಾತೇ? ಸ್ಪೀಕರ್ ಹಾಕಿಸಿದೆ. ಎತ್ತರದಲ್ಲಿ ಗಾಳಿಯ ಒತ್ತಡ ಕಡಿಮೆ, ನೀರು ಸಾಕಷ್ಟು ಬಿಸಿಯಾಗುವ ಮೊದಲೇ ಕುದಿಯುತ್ತದೆ, ಕುಕ್ಕರ್ ಇಲ್ಲದೆ ಕಾಳು ಬೇಯದು ಎಂದು ಅರ್ಧ ಗಂಟೆ ಪಾಠ ಮಾಡಿದೆ. ಮೊಮ್ಮಗಳು ಒಂದೊಂದನ್ನೇ ಹಿಂದಿಯಲ್ಲಿ ಹೇಳಿದಳು.

"ಅಜ್ಜಿ, ಅವರು ಕೇಳ್ತಿದ್ದಾರೆ, ಇಷ್ಟೆಲ್ಲಾ ಗೊತ್ತಿದ್ದವರು ಕಾಳಿನ ಜೊತೆ ಕುಕ್ಕರ್ ಯಾಕೆ ಕಳಿಸ್ಲಿಲ್ಲ ಅಂತ."

ಸಾಲಿನಲ್ಲಿ ನಿಂತ ಕ್ರೀಡಾಪಟುಗಳು

ತರಬೇತಿ ಮುಗಿಸಿ ಬಂದಳು. ಆಯ್ಕೆ ಓಟ ಆ ಭಾನುವಾರ. ಅದಕ್ಕೆ ಮೊದಲು ಗುರುವಾರ ನಮ್ಮ ಯಜಮಾನರ ಪುಣ್ಯತಿಥಿ. ಅಂದು ಪ್ರತಿ ವರ್ಷ ಊರಿನ ಸಮುದಾಯ ಭವನದಲ್ಲಿ ರಕ್ತದಾನ ಶಿಬಿರ ನಡೆಸುತ್ತೇನೆ. ಹದಿನೆಂಟು ತುಂಬಿದ ನಮ್ಮ ಮನೆಯವರು ಯಾರೂ ತಪ್ಪಿಸಿದ್ದಿಲ್ಲ. ಮೊಮ್ಮಗಳಿಗೂ ಈ ವರ್ಷ ಹದಿನೆಂಟು. ಪಟ್ಟಿಯಲ್ಲಿ ಮೊದಲ ಹೆಸರು ಅವಳದೇ, ನಾನೇ ಬರೆದದ್ದು.

ಅವಳು ಅಂಗಿಯ ತೋಳು ಮಡಚಿ ಮಂಚದ ಮೇಲೆ ಒರಗಿದಾಗ ಕೋಚ್ ಫೋನ್ ಮಾಡಿದರು. "ಹುಡುಗಿ ರೆಸ್ಟ್ ಮಾಡ್ತಿದ್ದಾಳಾ ಅಮ್ಮಾ?"

"ಮಲಗಿದ್ದಾಳೆ. ರಕ್ತ ಕೊಡ್ತಾಳೆ ಈಗ," ಎಂದೆ, ಹೆಮ್ಮೆಯಿಂದಲೇ.

"ಅಯ್ಯೋ! ಬೆಟ್ಟದ ಮೇಲೆ ಅಷ್ಟು ದಿನ ಸಂಪಾದಿಸಿದ್ದನ್ನ ಚೀಲಕ್ಕೆ ತುಂಬಿಸ್ಬಿಡ್ತೀರಾ? ಭಾನುವಾರ ಏನಿಟ್ಕೊಂಡು ಓಡ್ತಾಳೆ?"

ದಿನವೂ ರಕ್ತಕಣ, ರಕ್ತಕಣ ಎಂದು ಜಪಿಸಿದವಳಿಗೆ ಇದು ಹೊಳೆದೇ ಇರಲಿಲ್ಲ. ನರ್ಸ್ ಸೂಜಿ ಹಿಡಿದು ಬಾಗಿದ್ದರು. ಸೀರೆಯ ನೆರಿಗೆ ಎತ್ತಿ ಹಿಡಿದು ಓಡಿದೆ. "ಏಳೇ ಮೇಲೆ!" ಎಂದು ಮೊಮ್ಮಗಳನ್ನು ಎಳೆದುಕೊಂಡು ಬಂದೆ.

ಸಾಲಿನಲ್ಲಿ ಗುಸುಗುಸು ಎದ್ದಿತು. "ಅಮ್ಮಾವ್ರೇ ಮೊಮ್ಮಗಳನ್ನ ಎಬ್ಬಿಸ್ಕೊಂಡು ಹೋದ್ರು ಕಣ್ಲಾ. ಸೂಜೀಲಿ ಏನೋ ಐತೆ." ಇಬ್ಬರು ಆಗಲೇ ಚಪ್ಪಲಿ ಮೆಟ್ಟುತ್ತಿದ್ದರು. ನಾನು ಮೈಕ್ ಹಿಡಿದು ಎತ್ತರ, ಗಾಳಿ, ರಕ್ತಕಣ ಎಲ್ಲವನ್ನೂ ಬಿಡಿಸಿ ಹೇಳಿದೆ. "ಸೂಜಿ ಸರಿಯಾಗಿಯೇ ಇದೆ. ಭಾನುವಾರ ಸ್ಪರ್ಧೆ ಇರುವವರಿಗೆ ಮಾತ್ರ ಈ ವಾರ ಬೇಡ, ಅಷ್ಟೇ."

ಅದೇ ತಪ್ಪಾಯಿತು.

"ಅಮ್ಮಾ, ನಂಗೂ ಭಾನುವಾರ ಕಬಡ್ಡಿ ಐತೆ," ಎಂದ ಮೊದಲನೆಯವ. "ನಂದು ವಾಲಿಬಾಲು," ಎಂದ ಹಿಂದಿನವ. ಊರಿನಲ್ಲಿ ಇಷ್ಟು ಕ್ರೀಡಾಪಟುಗಳಿದ್ದಾರೆಂದು ನನಗೆ ತಿಳಿದದ್ದೇ ಅಂದು. ಹಾಲಿನ ಡೇರಿಯ ಕಾರ್ಯದರ್ಶಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, "ಅಮ್ಮಾವ್ರೇ, ನಂದು ಕೇರಂ ಫೈನಲ್ಲು," ಎಂದರು.

ಕಬಡ್ಡಿ, ವಾಲಿಬಾಲನ್ನು ಗದರಿಸಿ ಮಲಗಿಸಿದೆ. ಅಷ್ಟರಲ್ಲಿ ಕೇರಂ ತಪ್ಪಿಸಿಕೊಂಡಿತ್ತು.

ಭಾನುವಾರ ಕೊನೆಯ ಸುತ್ತಿನವರೆಗೂ ನಾಲ್ಕನೆಯವಳಾಗಿದ್ದ ಮೊಮ್ಮಗಳು ಇಬ್ಬರನ್ನು ಹಿಂದಿಕ್ಕಿ ಎರಡನೆಯವಳಾಗಿ ಬಂದಳು. ರಾಜ್ಯ ತಂಡದಲ್ಲಿ ಜಾಗ ಸಿಕ್ಕಿತು. ಆ ದಿನದ ಸಮಯವನ್ನು ಕೆಂಪು ಶಾಯಿಯಲ್ಲಿ ಬರೆದೆ.

ಸೋಮವಾರ ಬೆಳಿಗ್ಗೆ ಸಿಹಿ ಹಂಚಲು ಡೇರಿಗೆ ಹೋದೆ. ಕಾರ್ಯದರ್ಶಿ ಎದ್ದು ನಿಂತು ಕೈಮುಗಿದರು.

"ನೀವು ಮೈಕಲ್ಲಿ ಹೇಳಿದ್ದು ನೂರಕ್ಕೆ ನೂರು ಸತ್ಯ ಅಮ್ಮಾವ್ರೇ. ರಕ್ತ ಉಳಿಸ್ಕೊಂಡಿದ್ದಕ್ಕೆ ಕೇರಂ ಗೆದ್ಬಿಟ್ಟೆ!"